ಹ್ಯಾರೋದಲ್ಲಿ 1930ರ ದಶಕದ ಮನೆ: ಲೆವೆಲ್ 2 ಸರ್ವೆ ಸಾಕಾ, ಲೆವೆಲ್ 3 ಬೇಕಾ?

ಹೊಸಕೀಲಿ

ಎಲ್ಲರಿಗೂ ನಮಸ್ಕಾರ. ಲಂಡನ್ ವಾಯವ್ಯಕ್ಕೆ, ಹ್ಯಾರೋದಲ್ಲಿ ಒಂದು ಸೆಮಿ ಡಿಟ್ಯಾಚ್ಡ್ ಮನೆಗೆ (ಪಕ್ಕದ ಮನೆ ಜೊತೆ ಒಂದು ಗೋಡೆ ಹಂಚಿಕೊಂಡದ್ದು) ನಾವು ಕೊಟ್ಟ ಆಫರ್ ಒಪ್ಪಿಗೆಯಾಗಿದೆ. 1930ರ ದಶಕದ ಮನೆ. ಹಿಂದುಗಡೆ ಅಡುಗೆಮನೆ ವಿಸ್ತರಿಸಿದ್ದಾರೆ, ಲಾಫ್ಟನ್ನು (ಛಾವಣಿ ಕೆಳಗಿನ ಜಾಗ) ಬೆಡ್‌ರೂಮ್ ಮಾಡಿದ್ದಾರೆ. ಒಳಗೆಲ್ಲ ಹೊಸ ಬಣ್ಣ, ನೋಡಲು ಫಳಫಳ.

ಗೊಂದಲ ಇರುವುದು ಸರ್ವೆ ವಿಷಯದಲ್ಲಿ, ಅಂದರೆ ಕೊಳ್ಳುವ ಮೊದಲು ಮನೆಯ ಸ್ಥಿತಿ ನೋಡಿಸಿ ವರದಿ ಪಡೆಯುವುದು. ಮನೆ ಸಾಲ ಕೊಡಿಸುವ ಮಾರ್ಗೇಜ್ ಬ್ರೋಕರ್ "ಬ್ಯಾಂಕಿನವರೇ ವ್ಯಾಲ್ಯುಯೇಷನ್ ಮಾಡಿಸುತ್ತಾರೆ, ಅದೂ ಪುಕ್ಕಟೆ, ಮತ್ತೇನು ಬೇಕು" ಎನ್ನುತ್ತಾರೆ. ಎಸ್ಟೇಟ್ ಏಜೆಂಟ್ ತಮಗೆ ಗೊತ್ತಿರುವ ಒಬ್ಬ ಸರ್ವೇಯರ್ ನಂಬರ್ ಕೊಟ್ಟಿದ್ದಾರೆ. ನಾನು ಹೊರಗೆ ವಿಚಾರಿಸಿದ್ದಕ್ಕೆ ಲೆವೆಲ್ 2ಕ್ಕೆ 620 ಪೌಂಡ್, ಲೆವೆಲ್ 3ಕ್ಕೆ 940 ಪೌಂಡ್ ಎಂದರು. ಆಫೀಸಿನಲ್ಲಿ ಅರ್ಧ ಜನ 2 ಸಾಕು ಎನ್ನುತ್ತಾರೆ, ಇನ್ನರ್ಧ 3 ಮಾಡಿಸಿ ಎನ್ನುತ್ತಾರೆ. ಯಾಕೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಇಲ್ಲಿ ಮನೆ ತಗೊಂಡವರು ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಮಳೆಗಾಲ

3 ಮಾಡಿಸಿ. ಅಷ್ಟು ದುಡ್ಡು ಹಾಕುವಾಗ ಇನ್ನೊಂದು 320 ಪೌಂಡ್‌ಗೆ ಯಾಕೆ ಲೆಕ್ಕ ಹಾಕುತ್ತೀರಿ. ಮುಗೀತು.

ಕೆಂಪಿಟ್ಟಿಗೆ

ಇಲ್ಲಿನ ಹಳೆ ಮನೆಗಳ ರಿಪೇರಿ ಕೆಲಸವೇ ನನ್ನ ಉದ್ಯೋಗ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬ್ರೋಕರ್ ಮಾತನ್ನು ಪಕ್ಕಕ್ಕೆ ಇಡಿ. ಬ್ಯಾಂಕಿನ ವ್ಯಾಲ್ಯುಯೇಷನ್ ಬ್ಯಾಂಕಿಗಾಗಿ. ನೀವು ಕಂತು ಕಟ್ಟದಿದ್ದರೆ ಮನೆ ಮಾರಿ ಸಾಲ ವಸೂಲಿ ಆಗುತ್ತದಾ ಎಂಬುದಷ್ಟೇ ಅವರ ಪ್ರಶ್ನೆ. ಎಷ್ಟೋ ಸಲ ಯಾರೂ ಮನೆಗೆ ಬರುವುದೇ ಇಲ್ಲ. ಅಕ್ಕಪಕ್ಕದ ಮಾರಾಟದ ಬೆಲೆ ನೋಡಿ ಕಂಪ್ಯೂಟರಿನಲ್ಲೇ ಮುಗಿಸುತ್ತಾರೆ. ಬಂದರೂ ಕಾಲು ಗಂಟೆ, ಅರ್ಧ ಗಂಟೆ. ಆ ವರದಿ ನಿಮ್ಮ ಕೈಗೆ ಸಿಗುತ್ತದೆ ಅಂತಲೂ ಇಲ್ಲ.

ಇನ್ನು ಲೆವೆಲ್‌ಗಳು. ಚಾರ್ಟರ್ಡ್ ಸರ್ವೇಯರ್‌ಗಳ ಸಂಸ್ಥೆ ಆರ್‌ಐಸಿಎಸ್. ಅದರ ಹೋಮ್ ಸರ್ವೆ ಸ್ಟ್ಯಾಂಡರ್ಡ್ 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಮೇಲೆ 1, 2, 3 ಎಂಬ ಲೆಕ್ಕ ಶುರುವಾಯಿತು. ಅದಕ್ಕೂ ಮೊದಲು ಕಂಡಿಷನ್ ರಿಪೋರ್ಟ್, ಹೋಮ್‌ಬೈಯರ್ ರಿಪೋರ್ಟ್, ಬಿಲ್ಡಿಂಗ್ ಸರ್ವೆ ಎನ್ನುತ್ತಿದ್ದರು. ಹಳಬರು ಈಗಲೂ ಹಾಗೇ ಹೇಳುತ್ತಾರೆ.

ಲೆವೆಲ್ 1ರಲ್ಲಿ ಮನೆಯ ಒಂದೊಂದು ಭಾಗಕ್ಕೂ ಹಸಿರು 1 (ಸರಿ ಇದೆ), ಹಳದಿ 2 (ರಿಪೇರಿ ಬೇಕು, ತುರ್ತಿಲ್ಲ), ಕೆಂಪು 3 (ಗಂಭೀರ, ತುರ್ತು ಅಥವಾ ಇನ್ನೂ ಪರೀಕ್ಷೆ ಬೇಕು) ಎಂದು ಗುರುತು ಹಾಕುತ್ತಾರೆ, ಸಲಹೆ ಇಲ್ಲ. ನಿಮ್ಮ ಮನೆಗೆ ಅದನ್ನು ಮರೆತುಬಿಡಿ. ಲೆವೆಲ್ 2ರಲ್ಲಿ ಅದೇ ಗುರುತುಗಳ ಜೊತೆಗೆ ಏನು ತೊಂದರೆ, ಮುಂದೆ ಏನು ಮಾಡಬೇಕು ಎಂಬ ಮಾತು ಇರುತ್ತದೆ. ಬೇಕೆಂದರೆ ಬೆಲೆ ಅಂದಾಜೂ ಸೇರಿಸಿಕೊಡುತ್ತಾರೆ. ಲೆವೆಲ್ 3ರಲ್ಲಿ ಸರ್ವೇಯರ್ ಜಾಸ್ತಿ ಹೊತ್ತು ಇರುತ್ತಾರೆ. ಮನೆ ಹೇಗೆ ಕಟ್ಟಿದ್ದಾರೆ, ಬಿರುಕು ಯಾಕೆ ಬಂತು, ಹೇಗೆ ಸರಿಪಡಿಸಬೇಕು, ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎಂದು ಬರೆಯುತ್ತಾರೆ. ಇದರಲ್ಲಿ ಬೆಲೆ ಅಂದಾಜು ಸಾಮಾನ್ಯವಾಗಿ ಇರುವುದಿಲ್ಲ, ಬೇಕಾದರೆ ಬೇರೆಯಾಗಿ ಕೇಳಬೇಕು.

ಹಾಗಂತ ಲೆವೆಲ್ 3 ಅಂದರೆ ಗೋಡೆ ಒಡೆದು ನೋಡುತ್ತಾರೆ ಅಂದುಕೊಳ್ಳಬೇಡಿ. ಯಾವ ಲೆವೆಲ್‌ನಲ್ಲೂ ಒಡೆಯುವುದಿಲ್ಲ. ವೈರಿಂಗ್, ಬಾಯ್ಲರ್, ಚರಂಡಿ ಪೈಪು ಯಾವುದನ್ನೂ ಟೆಸ್ಟ್ ಮಾಡುವುದಿಲ್ಲ, ಕಣ್ಣಿಗೆ ಕಂಡಷ್ಟೇ.

ಯಾವುದು ಬೇಕು ಎನ್ನುವುದನ್ನು ಮನೆಯ ಬೆಲೆ ತೀರ್ಮಾನಿಸಬಾರದು, ನಮ್ಮ ಭಯವೂ ತೀರ್ಮಾನಿಸಬಾರದು. ನೋಡಬೇಕಾದ್ದು ಮನೆಯ ವಯಸ್ಸು, ಯಾವುದರಿಂದ ಕಟ್ಟಿದ್ದಾರೆ, ಆಮೇಲೆ ಯಾರು ಏನೇನು ಬದಲಾಯಿಸಿದ್ದಾರೆ. ಕೈ ಹಚ್ಚದ 1930ರ ದಶಕದ ಇಟ್ಟಿಗೆ ಮನೆಗೆ ಒಳ್ಳೆಯ ಲೆವೆಲ್ 2 ಸಾಕು. ನಿಮ್ಮದರಲ್ಲಿ ಹಿಂದೆ ಒಡೆದಿದ್ದಾರೆ, ಮೇಲೆ ಒಡೆದಿದ್ದಾರೆ. ಎರಡು ಕಡೆ ಭಾರ ಹೊರುವ ಭಾಗಕ್ಕೆ ಕೈ ಹಾಕಿದ್ದಾರೆ. ಹಾಗಾಗಿ ನಿಮಗೆ ನನ್ನ ಉತ್ತರ 3.

ಏಜೆಂಟ್ ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ಆ ಸರ್ವೇಯರ್ ಒಳ್ಳೆಯವರೇ ಇರಬಹುದು. ಆದರೆ ಏಜೆಂಟಿಗೆ ಮಾರಾಟ ಮುರಿಯಬಾರದು, ಸರ್ವೇಯರ್‌ಗೆ ಏಜೆಂಟಿನಿಂದ ಮುಂದಿನ ಕೆಲಸ ಬೇಕು. ಅದರ ನಡುವೆ ನೀವು ಯಾಕೆ?

ಸುಮ್ನಿರಪ್ಪ

ನಾನು ಒಪ್ಪುವುದಿಲ್ಲ. ನಮ್ಮ ಮನೆಗೆ ಸರ್ವೆ ಮಾಡಿಸಿದೆ, 60ಕ್ಕೂ ಜಾಸ್ತಿ ಪುಟದ ವರದಿ ಬಂತು. ಓದಿದರೆ ಏನಿದೆ? "ಕಾರ್ಪೆಟ್ ಇದ್ದುದರಿಂದ ನೆಲ ನೋಡಲಾಗಲಿಲ್ಲ", "ವಸ್ತುಗಳು ತುಂಬಿದ್ದರಿಂದ ಕಪಾಟಿನ ಒಳಗೆ ನೋಡಲಾಗಲಿಲ್ಲ", "ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ", "ಪ್ಲಂಬರ್ ಹತ್ತಿರ ತೋರಿಸಿ". ಪ್ರತಿ ಪುಟದಲ್ಲೂ ತಮ್ಮ ತಲೆ ಉಳಿಸಿಕೊಳ್ಳುವ ಮಾತು. ಎರಡನೇ ಮನೆಗೆ ಪರಿಚಯದ ಬಿಲ್ಡರ್ ಒಬ್ಬರನ್ನು ಕರೆದುಕೊಂಡು ಹೋದೆ. ಅರ್ಧ ಗಂಟೆಯಲ್ಲಿ ಛಾವಣಿಗೆ ಇಷ್ಟು, ಬಾಯ್ಲರ್‌ಗೆ ಇಷ್ಟು ಎಂದು ಹೇಳಿದರು. ಅದೇ ನನಗೆ ಉಪಯೋಗಕ್ಕೆ ಬಂತು.

ಮಳೆಗಾಲ

ನಿಮ್ಮದು ಲೆವೆಲ್ 2 ಇರಬೇಕು.

ಸುಮ್ನಿರಪ್ಪ

ಹೌದು, 2. ಆದರೆ 3ರಲ್ಲೂ ಅದೇ ಕಥೆ ಅಂತ ಗೆಳೆಯರು ಹೇಳುತ್ತಾರೆ.

ಕೆಂಪಿಟ್ಟಿಗೆ

ಸುಮ್ನಿರಪ್ಪ ಅವರ ಸಿಟ್ಟು ಅರ್ಧ ಸರಿ. ಅಂಥ ವರದಿಗಳು ತುಂಬಾ ಇವೆ. ಬಿಲ್ಡರ್ ಕರೆದುಕೊಂಡು ಹೋಗುವುದೂ ತಪ್ಪಲ್ಲ, ಖರ್ಚಿನ ಅಂದಾಜಿಗೆ ಅವರೇ ವಾಸಿ. ಆದರೆ ಬಿಲ್ಡರ್ ಏನಾದರೂ ಬಿಟ್ಟರೆ ನೀವು ಯಾರನ್ನೂ ಕೇಳುವ ಹಾಗಿಲ್ಲ. ಚಾರ್ಟರ್ಡ್ ಸರ್ವೇಯರ್ ಸಂಸ್ಥೆಗೆ ವೃತ್ತಿ ವಿಮೆ ಇರಲೇಬೇಕು. ದೂರಿನ ದಾರಿ ಇದೆ, ಅಲ್ಲಿ ಆಗದಿದ್ದರೆ ಓಂಬುಡ್ಸ್‌ಮನ್ ಇದ್ದಾರೆ.

ಇದಕ್ಕೊಂದು ಪ್ರಸಿದ್ಧ ಕೇಸ್ ಇದೆ, ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ನಾರ್ವಿಚ್‌ನಲ್ಲಿ ಒಬ್ಬ ಹೆಂಗಸು ಬ್ಯಾಂಕಿನ ವ್ಯಾಲ್ಯುಯೇಷನ್ ಒಂದನ್ನೇ ನಂಬಿ ಚಿಕ್ಕ ಮನೆ ಕೊಂಡರು. ದೊಡ್ಡ ರಿಪೇರಿ ಏನೂ ಬೇಡ ಎಂದು ಅದರಲ್ಲಿತ್ತು. ಹಿಂದಿನವರು ಚಿಮ್ನಿಯ ಕೆಳಭಾಗದ ಇಟ್ಟಿಗೆ ತೆಗೆಸಿ ರೂಮು ದೊಡ್ಡದು ಮಾಡಿಕೊಂಡಿದ್ದರು. ಮೇಲೆ ಉಳಿದ ಚಿಮ್ನಿಗೆ ಸರಿಯಾದ ಆಸರೆ ಇರಲಿಲ್ಲ. ಒಂದೂವರೆ ವರ್ಷಕ್ಕೆ ಅದು ಕುಸಿದು ಇಟ್ಟಿಗೆಗಳು ಲಾಫ್ಟ್ ನೆಲ ತೂರಿ ಬೆಡ್‌ರೂಮಿಗೆ ಬಿದ್ದವು. 1989ರಲ್ಲಿ ಆಗಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ವ್ಯಾಲ್ಯುಯರ್‌ಗೆ ಆ ಕೊಳ್ಳುವವರ ಬಗ್ಗೆಯೂ ಹೊಣೆ ಇತ್ತು ಎಂದು ತೀರ್ಪು ಕೊಟ್ಟಿತು.

ಇದನ್ನು ಓದಿ "ಹಾಗಾದರೆ ವ್ಯಾಲ್ಯುಯೇಷನ್ ಸಾಕಲ್ವಾ" ಎನ್ನಬೇಡಿ. ಗೆಲ್ಲಲು ವರ್ಷಗಟ್ಟಲೆ ಕೋರ್ಟು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸರ್ವೇಯರ್ ತಪ್ಪು ಮಾಡಿದ್ದು ಸಾಬೀತಾದರೂ ನಿಮಗೆ ರಿಪೇರಿ ಖರ್ಚು ಸಿಗುವುದಿಲ್ಲ. ನೀವು ಕೊಟ್ಟ ಬೆಲೆಗೂ, ಆ ದೋಷ ಗೊತ್ತಿದ್ದರೆ ಮನೆಗೆ ಬರುತ್ತಿದ್ದ ಬೆಲೆಗೂ ಇರುವ ವ್ಯತ್ಯಾಸ ಮಾತ್ರ ಸಿಗುತ್ತದೆ. 1991ರ ಒಂದು ಮೇಲ್ಮನವಿ ಕೇಸಿನಲ್ಲಿ ದಂಪತಿಗೆ ರಿಪೇರಿಗೆ ಆಗಿದ್ದು ಸುಮಾರು 34,000 ಪೌಂಡ್. ಕೋರ್ಟ್ ಕೊಡಿಸಿದ್ದು 15,000, ಅದರ ಮೇಲೆ ತೊಂದರೆಗೆಂದು ಒಂದಿಷ್ಟು. ಪರಿಹಾರ ನೆಚ್ಚಿಕೊಂಡು ಸರ್ವೆ ಮಾಡಿಸಬೇಡಿ. ದೋಷ ಮೊದಲೇ ಸಿಗಲಿ ಎಂದು ಮಾಡಿಸಿ.

ಏಳನೇಮಹಡಿ

ಫ್ಲಾಟ್ ತಗೊಳ್ಳುವವರಿಗೆ ಏನು ಹೇಳುತ್ತೀರಿ? ನಾವು ಕ್ರಾಯ್ಡನ್‌ನಲ್ಲಿ ನೋಡುತ್ತಿದ್ದೇವೆ. ಎಂಟು ಮಹಡಿ ಕಟ್ಟಡ, ವಯಸ್ಸು ಹದಿನೈದು ವರ್ಷದ ಒಳಗೆ.

ಕಾಗದಪತ್ರ

ಫ್ಲಾಟಿಗೆ ಲೆವೆಲ್ 3 ಮಾಡಿಸುವುದು ಹೆಚ್ಚಿನ ಸಲ ದಂಡ. ಸರ್ವೇಯರ್ ನಿಮ್ಮ ಫ್ಲಾಟ್ ಒಳಗೆ ನೋಡುತ್ತಾರೆ, ಕಟ್ಟಡವನ್ನು ಹೊರಗಿನಿಂದ ನೋಡುತ್ತಾರೆ. ಛಾವಣಿಗೆ, ಲಿಫ್ಟ್ ಕೋಣೆಗೆ ಯಾರು ಬಿಡುತ್ತಾರೆ? ನಿಮ್ಮ ನಿಜವಾದ ಸರ್ವೆ ಇರುವುದು ಕಾಗದದಲ್ಲಿ. ಸರ್ವಿಸ್ ಚಾರ್ಜ್ ಮೂರು ವರ್ಷದ ಲೆಕ್ಕ, ರಿಸರ್ವ್ ಫಂಡಿನಲ್ಲಿ ಎಷ್ಟಿದೆ, ದೊಡ್ಡ ಕೆಲಸದ ಖರ್ಚು ಹಂಚುವ ಮೊದಲು ಕೊಡುವ ಸೆಕ್ಷನ್ 20 ನೋಟಿಸ್ ಬಂದಿದೆಯಾ, ಲೀಸ್ (ಫ್ಲಾಟ್ ನಿಮ್ಮದಾಗಿರುವ ಅವಧಿಯ ಒಪ್ಪಂದ) ಎಷ್ಟು ವರ್ಷ ಉಳಿದಿದೆ. ಇಷ್ಟನ್ನು ಸಾಲಿಸಿಟರ್ (ಮನೆ ಕೊಳ್ಳುವ ಕಾಗದ ನೋಡುವ ವಕೀಲರು) ಹತ್ತಿರ ಪಟ್ಟಾಗಿ ಕೇಳಿ.

ಎಂಟು ಮಹಡಿ ಅಂದರೆ ಹೊರಗೋಡೆಯ ಹೊದಿಕೆಯ ವಿಷಯ ಬರುತ್ತದೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಇಂಥ ಹೊದಿಕೆಯಿಂದ ಹರಡಿದ ಬೆಂಕಿಯ ನಂತರ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕಿದವು. 2019ರ ಕೊನೆಗೆ, ಹೊರಗೋಡೆಯ ಬೆಂಕಿ ಅಪಾಯ ನೋಡಿ ತುಂಬುವ ಇಡಬ್ಲ್ಯೂಎಸ್1 ಎಂಬ ಫಾರಂ ಬಂತು. ನಿಮ್ಮ ಕಟ್ಟಡಕ್ಕೆ ಅದು ಇದೆಯಾ, ಅದರಲ್ಲಿ ಯಾವ ದರ್ಜೆ ಕೊಟ್ಟಿದ್ದಾರೆ ಎಂದು ಆಫರ್ ಕೊಡುವ ಮೊದಲೇ ಕೇಳಿ. 11 ಮೀಟರ್ ಅಥವಾ 5 ಮಹಡಿ ಮುಟ್ಟಿದ ಕಟ್ಟಡಗಳಲ್ಲಿ ಅರ್ಹ ಲೀಸ್‌ಹೋಲ್ಡರ್‌ಗಳಿಗೆ ಇಂಥ ದೋಷ ಸರಿಪಡಿಸುವ ಖರ್ಚಿನಿಂದ 2022ರ ಬಿಲ್ಡಿಂಗ್ ಸೇಫ್ಟಿ ಆಕ್ಟ್ ರಕ್ಷಣೆ ಕೊಡುತ್ತದೆ. ಮಾರುವವರ ಹತ್ತಿರ ಅದರ ಪ್ರಮಾಣಪತ್ರ ಇದೆಯಾ ಎಂದೂ ಕೇಳಿ. ಇದ್ಯಾವುದನ್ನೂ ತೇವಾಂಶದ ಮೀಟರ್ ಹಿಡಿದು ಬಂದ ಸರ್ವೇಯರ್ ಹೇಳುವುದಿಲ್ಲ.

ಎಡಿನ್‌ಬರೋ_ಚಳಿ

ನಾನು ಸ್ಕಾಟ್ಲೆಂಡಿನಿಂದ. ಇಲ್ಲಿ ಈ ತಲೆನೋವು ಕಡಿಮೆ. 2008ರ ಡಿಸೆಂಬರ್ 1ರಿಂದ ಮನೆ ಮಾರುವವರೇ ಹೋಮ್ ರಿಪೋರ್ಟ್ ಮಾಡಿಸಿ ಇಡಬೇಕು. ಸರ್ವೆ, ಇಂಧನ ವರದಿ, ಮಾರುವವರು ತುಂಬಿದ ಪ್ರಶ್ನಾವಳಿ ಮೂರೂ ಸೇರಿರುತ್ತವೆ, ಬೆಲೆ ಅಂದಾಜೂ ಇರುತ್ತದೆ. ಮಾರುಕಟ್ಟೆಗೆ ಇಡುವ ಹೊತ್ತಿಗೆ ವರದಿ 12 ವಾರಕ್ಕಿಂತ ಹಳೆಯದಾಗಿರಬಾರದು. ನೋಡುವ ಮೊದಲೇ ತರಿಸಿ ಓದಬಹುದು. ಇಂಗ್ಲೆಂಡಿನಲ್ಲಿ ಒಂದೇ ಮನೆಗೆ ಮೂರು ಜನ ಮೂರು ಸರ್ವೆ ಮಾಡಿಸಿ ಇಬ್ಬರು ದುಡ್ಡು ಕಳೆದುಕೊಳ್ಳುವುದು ನನಗಂತೂ ಅರ್ಥವಾಗುವುದಿಲ್ಲ.

ಕಾಗದಪತ್ರ

ಇಂಗ್ಲೆಂಡಿನಲ್ಲೂ 2007ರಲ್ಲಿ ಮಾರುವವರೇ ಮಾಡಿಸಬೇಕಾದ ಹೋಮ್ ಇನ್ಫರ್ಮೇಷನ್ ಪ್ಯಾಕ್ ಅಂತ ತಂದಿದ್ದರು. ಆದರೆ ಅದರಲ್ಲಿ ಮನೆಯ ಸ್ಥಿತಿಯ ವರದಿ ಕಡ್ಡಾಯ ಇರಲಿಲ್ಲ. ಮುಖ್ಯವಾದುದನ್ನೇ ಬಿಟ್ಟು ಉಳಿದದ್ದಕ್ಕೆ ದುಡ್ಡು ಕೀಳಿದರು ಎಂದು ಜನ ಬೈದರು. 2010ರಲ್ಲಿ ನಿಂತೇಹೋಯಿತು.

ಎಡಿನ್‌ಬರೋ ಅವರೇ, ನಿಮ್ಮ ಹೋಮ್ ರಿಪೋರ್ಟ್ ಕೂಡ ಹೆಚ್ಚುಕಡಿಮೆ ಲೆವೆಲ್ 2ರಷ್ಟೇ ಆಳ. ನೂರೈವತ್ತು ವರ್ಷದ ಕಲ್ಲಿನ ಟೆನಮೆಂಟ್ (ಹಲವು ಫ್ಲಾಟುಗಳ ಹಳೆ ಕಟ್ಟಡ) ಆದರೆ ಅಲ್ಲೂ ಇನ್ನೊಂದು ಸರ್ವೆ ಬೇಕಾಗುತ್ತದೆ, ಅಲ್ವಾ?

ಎಡಿನ್‌ಬರೋ_ಚಳಿ

ಅದು ನಿಜ. ಅದರಲ್ಲೂ ಎಲ್ಲರಿಗೂ ಸೇರಿದ ಛಾವಣಿಯ ಸ್ಥಿತಿ. ಅದನ್ನು ಕೆಳಗೆ ರಸ್ತೆಯಲ್ಲಿ ನಿಂತು ನೋಡಿ ಬರೆದಿರುತ್ತಾರೆ.

ಹೊಸಕೀಲಿ

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಇನ್ನೊಮ್ಮೆ ಮನೆ ನೋಡಿ ಬಂದೆವು. ಕೆಂಪಿಟ್ಟಿಗೆ ಅವರ ಚಿಮ್ನಿ ಕಥೆ ಓದಿದ ಮೇಲೆ ಸರಿಯಾಗಿ ನೋಡಿದೆ. ಅಡುಗೆಮನೆಯಲ್ಲಿ ಚಿಮ್ನಿಯ ಇಟ್ಟಿಗೆ ಇಲ್ಲ, ಮೇಲಿನ ಬೆಡ್‌ರೂಮಿನಲ್ಲಿ ಹಾಗೇ ಇದೆ! ಕೇಳಿದ್ದಕ್ಕೆ ಮಾರುವವರು "ನಾವು ಬರುವ ಮುಂಚೆಯೇ ಹಾಗಿತ್ತು" ಎಂದರು. ಲಾಫ್ಟ್ ರೂಮಿಗೆ ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಟ್ಟ ಸರ್ಟಿಫಿಕೇಟ್ ಹುಡುಕುತ್ತಿದ್ದಾರಂತೆ. ಮುಂದೆ ಪಕ್ಕದ ಮನೆಯವರ ದೊಡ್ಡ ಓಕ್ ಮರ ಇದೆ. ಮುಂದಿನ ಬೇ ಕಿಟಕಿ (ಗೋಡೆಯಿಂದ ಹೊರಚಾಚಿದ ಕಿಟಕಿ) ಹತ್ತಿರ ಸಣ್ಣ ಓರೆ ಬಿರುಕು ಕಂಡಿತು, ಮೇಲೆ ಬಣ್ಣ ಹೊಡೆದಿದ್ದಾರೆ. ಓಡಿಹೋಗಬೇಕಾ?

ಕೆಂಪಿಟ್ಟಿಗೆ

ಓಡಬೇಡಿ. ಆದರೆ ಈಗ ಲೆವೆಲ್ 2ರ ಮಾತೇ ಬೇಡ.

ಬಿರುಕಿನಿಂದ ಶುರು ಮಾಡೋಣ. ಹ್ಯಾರೋ ಸುತ್ತಮುತ್ತ ಕೆಳಗೆ ಲಂಡನ್ ಕ್ಲೇ. ಈ ಜೇಡಿಮಣ್ಣು ಒಣಗಿದರೆ ಕುಗ್ಗುತ್ತದೆ, ನೀರು ಕುಡಿದರೆ ಹಿಗ್ಗುತ್ತದೆ. ಆ ಕಾಲದ ಮನೆಗಳ ಅಡಿಪಾಯ ಆಳವಿಲ್ಲ. ಓಕ್, ವಿಲೋ, ಪಾಪ್ಲರ್ ಮರಗಳು ನೀರು ಜಾಸ್ತಿ ಹೀರುತ್ತವೆ. 1976, 2003, 2018, 2022ರಂಥ ಒಣ ಬೇಸಿಗೆಯಲ್ಲಿ ವಿಮೆ ಕಂಪನಿಗಳಿಗೆ ಮನೆ ಕುಸಿತದ ದೂರು ಸಾಲುಸಾಲಾಗಿ ಬಂದದ್ದು ಇದೇ ಕಾರಣಕ್ಕೆ. ಕುಸಿತದ ಬಿರುಕು ಸಾಮಾನ್ಯವಾಗಿ ಓರೆಯಾಗಿರುತ್ತದೆ, ಕಿಟಕಿ ಬಾಗಿಲ ಮೂಲೆಯಿಂದ ಹೊರಡುತ್ತದೆ, ಒಂದು ತುದಿಯಲ್ಲಿ ಅಗಲ ಇನ್ನೊಂದರಲ್ಲಿ ಕಿರಿದು. ಒಳಗೂ ಹೊರಗೂ ಅದೇ ಜಾಗದಲ್ಲಿ ಇದ್ದರೆ ಇನ್ನಷ್ಟು ಗಮನ ಬೇಕು. ಬ್ರಿಟನ್ನಿನ ಬಿಲ್ಡಿಂಗ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಮಾಡಿದ ಒಂದು ಅಳತೆಪಟ್ಟಿ ಇದೆ, ಎಲ್ಲ ಸರ್ವೇಯರ್‌ಗಳೂ ಅದನ್ನೇ ಬಳಸುತ್ತಾರೆ. 1 ಮಿಲಿಮೀಟರ್ ತನಕ ಬಣ್ಣದ ಕೆಲಸ. 5 ಮಿಲಿಮೀಟರ್ ತನಕ ಅಲ್ಪ ಹಾನಿ. 5ರಿಂದ 15 ಆದರೆ ಮಧ್ಯಮ. ಅದಕ್ಕಿಂತ ಜಾಸ್ತಿ ಆದರೆ ಗಂಭೀರ. ಬೇ ಕಿಟಕಿಯ ಬಿರುಕಿಗೆ ಬೇರೆ ಕಾರಣವೂ ಇರಬಹುದು. ಹಳೆ ಮರದ ಕಿಟಕಿ ತೆಗೆದು ಪ್ಲಾಸ್ಟಿಕ್ ಕಿಟಕಿ ಹಾಕುವಾಗ ಮೇಲಿನ ಭಾರಕ್ಕೆ ಆಸರೆ ಕೊಡುವುದನ್ನು ಮರೆಯುತ್ತಾರೆ. ಮರವನ್ನು ಬೈಯುವ ಮೊದಲು ಅದನ್ನೂ ನೋಡಬೇಕು. ಇದನ್ನು ಬೇರ್ಪಡಿಸಿ ಹೇಳುವುದೇ ಲೆವೆಲ್ 3ರ ಕೆಲಸ.

ಮರ ಕಡಿಸಿಬಿಟ್ಟರೆ ಆಯಿತು ಎನ್ನುವವರಿದ್ದಾರೆ. ಮರ ನಿಮ್ಮದಲ್ಲ, ಅದಕ್ಕೆ ಕೌನ್ಸಿಲಿನ ರಕ್ಷಣೆ ಆದೇಶವೂ ಇರಬಹುದು. ಹಠಾತ್ತಾಗಿ ಕಡಿದರೆ ಒಣಗಿದ ಮಣ್ಣು ನೀರು ಹಿಡಿದು ಉಬ್ಬಿ ಮನೆಯನ್ನು ಮೇಲಕ್ಕೆ ಎತ್ತುವುದೂ ಉಂಟು. ಈ ಮನೆಗೆ ಹಿಂದೆ ಕುಸಿತದ ಕ್ಲೈಮ್ ಆಗಿದೆಯಾ ಎಂದು ಬರಹದಲ್ಲಿ ಕೇಳಿಸಿ. ಆಗಿದ್ದರೆ ಮುಂದೆ ವಿಮೆ ಸಿಗುವುದೇ ಕಷ್ಟವಾಗಬಹುದು.

ಚಿಮ್ನಿ ವಿಷಯ. ಕೆಳಗೆ ತೆಗೆದು ಮೇಲೆ ಬಿಟ್ಟಿದ್ದಾರೆ ಅಂದರೆ ಮೇಲಿನ ಭಾರ ಯಾವುದರ ಮೇಲೆ ಕೂತಿದೆ? ಸ್ಟೀಲ್ ಬೀಮ್ ಹಾಕಿದ್ದರೆ ಸರಿ. ಪ್ಲಾಸ್ಟರ್ ಒಳಗೆ ಇರುವುದರಿಂದ ಸರ್ವೇಯರ್‌ಗೂ ಕಾಣುವುದಿಲ್ಲ. ಕಾಗದ ಇಲ್ಲದಿದ್ದರೆ ಮಾರುವವರ ಒಪ್ಪಿಗೆ ಪಡೆದು ಒಂದು ಚಿಕ್ಕ ತೂತು ಕೊರೆದು ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ನೋಡಿಸಿ. ಮಾರುವವರು ಒಪ್ಪದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಎನ್ನಿ. ನಾನಾಗಿದ್ದರೆ ಇದೊಂದನ್ನು ಬಿಡುತ್ತಿರಲಿಲ್ಲ.

ಕಾಗದಪತ್ರ

ಲಾಫ್ಟ್ ಸರ್ಟಿಫಿಕೇಟ್ ಸಿಗದಿದ್ದರೆ ಮಾರುವವರ ಸಾಲಿಸಿಟರ್ "ಇಂಡೆಮ್ನಿಟಿ ಪಾಲಿಸಿ ಕೊಡುತ್ತೇವೆ" ಎನ್ನುತ್ತಾರೆ. ಖಂಡಿತ ಬರುತ್ತದೆ ಈ ಮಾತು. ಆ ಪಾಲಿಸಿ ಕೌನ್ಸಿಲ್ ನಿಮ್ಮ ಮೇಲೆ ಕ್ರಮ ತೆಗೆದುಕೊಂಡರೆ ಆಗುವ ನಷ್ಟಕ್ಕೆ. ಲಾಫ್ಟಿನ ನೆಲ ಬಾಗಿದರೆ, ಬೆಂಕಿ ಬಿದ್ದಾಗ ಕೆಳಗಿಳಿಯುವ ದಾರಿ ಇಲ್ಲದಿದ್ದರೆ ಅದಕ್ಕೆ ಒಂದು ಪೆನ್ನಿಯೂ ಬರುವುದಿಲ್ಲ.

ನೀವಾಗಿ ಕೌನ್ಸಿಲ್‌ಗೆ ಫೋನ್ ಮಾಡಿ "ಈ ಮನೆಗೆ ಅನುಮತಿ ಇದೆಯಾ" ಎಂದು ಕೇಳಬೇಡಿ. ಕೇಳಿದರೆ ಸಾಮಾನ್ಯವಾಗಿ ಆ ಪಾಲಿಸಿಯೇ ಸಿಗುವುದಿಲ್ಲ. ಆನ್‌ಲೈನಿನಲ್ಲಿ ಕೌನ್ಸಿಲ್ ದಾಖಲೆ ನೋಡುವುದನ್ನು ಸಾಲಿಸಿಟರ್‌ಗೆ ಬಿಡಿ.

ಅಡುಗೆಮನೆ ವಿಸ್ತರಣೆಯ ಕೆಳಗೆ ಪಕ್ಕದ ಮನೆಗೂ ಸೇರಿದ ಚರಂಡಿ ಹಾದುಹೋಗುತ್ತಿರಬಹುದು. ಹಂಚಿಕೊಂಡ ಖಾಸಗಿ ಚರಂಡಿಗಳಲ್ಲಿ ಹೆಚ್ಚಿನವು 2011ರ ಅಕ್ಟೋಬರ್ 1ರಂದು ನೀರಿನ ಕಂಪನಿಗಳ ಕೈಗೆ ಹೋದವು. ಆಮೇಲೆ ಕಟ್ಟಿದ್ದರೆ ಚರಂಡಿ ಮೇಲೆ ಕಟ್ಟಲು ಆ ಕಂಪನಿಯ ಜೊತೆ ಬಿಲ್ಡ್ ಓವರ್ ಒಪ್ಪಂದ ಇರಬೇಕು. ಕ್ಯಾಮೆರಾ ಬಿಟ್ಟು ನೋಡುವ ಡ್ರೈನ್ ಸರ್ವೆ ಬೇರೆಯಾಗಿ ಮಾಡಿಸಿ. ಒಡೆದ ಪೈಪಿನಿಂದ ಸೋರಿದ ನೀರೂ ಅಡಿಪಾಯದ ಮಣ್ಣನ್ನು ಕೊಚ್ಚುತ್ತದೆ.

ಸುಮ್ನಿರಪ್ಪ

ನೋಡಿ, ಸರ್ವೆ 940, ಇಂಜಿನಿಯರ್ ಇನ್ನಷ್ಟು, ಡ್ರೈನ್ ಇನ್ನಷ್ಟು. ಮನೆ ಕೈಗೆ ಬರುವ ಮೊದಲೇ ಎರಡು ಸಾವಿರ ಹತ್ತಿರ ಬರುತ್ತದೆ. ಆಮೇಲೆ ಮಾರುವವರು ಜಾಸ್ತಿ ಕೊಟ್ಟವರಿಗೆ ತಿರುಗಿದರೆ? ಇಲ್ಲಿ ಎರಡೂ ಕಡೆಯವರು ಸಹಿ ಮಾಡಿದ ಕಾಂಟ್ರ್ಯಾಕ್ಟ್ ವಿನಿಮಯ ಮಾಡಿಕೊಳ್ಳುವ ತನಕ ಯಾರಿಗೂ ಬಂಧನ ಇಲ್ಲವಲ್ಲ.

ಕಾಗದಪತ್ರ

ಆ ಅಪಾಯ ಇದೆ, ಇಲ್ಲ ಎನ್ನುವುದಿಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ದಿನ ಬುಕ್ ಮಾಡಬಾರದು. ಹೊಸಕೀಲಿ ಅವರ ಸಂದರ್ಭದಲ್ಲಿ ಮೊದಲು ಲೆವೆಲ್ 3. ಅದರಲ್ಲಿ ಏನು ಬರುತ್ತದೆ ನೋಡಿ ಇಂಜಿನಿಯರ್, ಡ್ರೈನ್. ಸರ್ವೆಯಲ್ಲೇ ಮನೆ ಬೇಡ ಎನಿಸಿದರೆ ಉಳಿದ ದುಡ್ಡು ಉಳಿಯಿತು. ಸಾಲ ಸಿಗುತ್ತದೋ ಇಲ್ಲವೋ ಎಂಬ ಅನುಮಾನ ಇದ್ದರೆ ಮಾತ್ರ ಬ್ಯಾಂಕ್ ಒಪ್ಪಿಗೆ ಬರುವ ತನಕ ಕಾಯಿರಿ.

ಬಿಸಿಕಾಫಿ

ಹೊಸ ಮನೆ, ಬಿಲ್ಡರ್‌ನಿಂದ ನೇರವಾಗಿ ತಗೊಂಡರೆ ಸರ್ವೆ ಬೇಡ ಅಲ್ವಾ? 10 ವರ್ಷ ವಾರಂಟಿ ಇರುತ್ತದಲ್ಲ.

ಕೆಂಪಿಟ್ಟಿಗೆ

ಲೆವೆಲ್ 2, 3 ಬೇಡ. ಸ್ನ್ಯಾಗಿಂಗ್ ತಪಾಸಣೆ (ಹೊಸ ಮನೆಯಲ್ಲಿ ಉಳಿದ ಸಣ್ಣಪುಟ್ಟ ದೋಷ ಹುಡುಕುವುದು) ಬೇಕು. ಸಾಮಾನ್ಯ ವಾರಂಟಿಯಲ್ಲಿ ಮೊದಲ 2 ವರ್ಷ ಬಿಲ್ಡರ್ ದೋಷ ಸರಿಪಡಿಸಬೇಕು. 3ರಿಂದ 10ನೇ ವರ್ಷದ ತನಕ ಮುಖ್ಯವಾಗಿ ಕಟ್ಟಡದ ದೊಡ್ಡ ದೋಷಗಳಿಗೆ ಮಾತ್ರ. ಬಾಗಿಲು ಸರಿಯಾಗಿ ಮುಚ್ಚದ್ದು, ಲಾಫ್ಟಿನಲ್ಲಿ ಇನ್ಸುಲೇಷನ್ ಅರ್ಧ ಹಾಕಿದ್ದು ಎಲ್ಲ ಮೊದಲ 2 ವರ್ಷದಲ್ಲೇ ಬರೆದುಕೊಡಬೇಕು. 2022ರ ನ್ಯೂ ಹೋಮ್ಸ್ ಕ್ವಾಲಿಟಿ ಕೋಡ್ ಒಪ್ಪಿಕೊಂಡ ಬಿಲ್ಡರ್ ಆದರೆ ಕೀಲಿ ಕೊಡುವ ಮೊದಲೇ ನಿಮ್ಮ ಕಡೆಯ ತಪಾಸಣೆಗೆ ಬಿಡಬೇಕು.

ಕೆಂಪು_ಮೂರು

ನಾವು ಲೆಸ್ಟರ್‌ನಲ್ಲಿ ವಿಕ್ಟೋರಿಯನ್ ಕಾಲದ ಸಾಲುಮನೆ ನೋಡಿದ್ದೇವೆ. ಸರ್ವೆ ಬಂದಿದೆ. ಕೆಂಪು 3 ಗುರುತು ಎಂಟು ಕಡೆ! ತೇವ, ಎಲೆಕ್ಟ್ರಿಕ್, ಗ್ಯಾಸ್, ಗಟರ್, ಇನ್ನೂ ಏನೇನೋ. ಹೆಂಡತಿ ಬೇಡವೇ ಬೇಡ ಎನ್ನುತ್ತಿದ್ದಾಳೆ.

ಕೆಂಪಿಟ್ಟಿಗೆ

ಕೆಂಪು ಎಷ್ಟಿವೆ ಎಂದು ಎಣಿಸಬೇಡಿ, ಯಾವುದಕ್ಕೆ ಎಂದು ನೋಡಿ. ಎಲೆಕ್ಟ್ರಿಕ್, ಗ್ಯಾಸ್‌ಗೆ ಕೆಂಪು ಕೊಟ್ಟಿರುವುದು ಹೆಚ್ಚಾಗಿ ಇತ್ತೀಚಿನ ಸರ್ಟಿಫಿಕೇಟ್ ತೋರಿಸಿಲ್ಲ ಎಂಬ ಕಾರಣಕ್ಕೆ. ನೋಂದಾಯಿತ ಎಲೆಕ್ಟ್ರಿಷಿಯನ್ ಒಬ್ಬರು, ಗ್ಯಾಸ್ ಸೇಫ್ ನೋಂದಣಿ ಇರುವವರು ಒಬ್ಬರು ನೋಡಿದರೆ ಆ ಎರಡರ ಅನುಮಾನ ತೀರುತ್ತದೆ. ಗಟರ್‌ಗೆ ಏಣಿ ಹಾಕಿದರೆ ಆಯಿತು. ಆದರೆ ಛಾವಣಿ ಹೊರಕ್ಕೆ ಹರಡುತ್ತಿದೆ ಎಂದು ಒಂದೇ ಒಂದು ಕೆಂಪು ಇದ್ದರೂ ಅದು ಈ ಎಲ್ಲಕ್ಕಿಂತ ದೊಡ್ಡದು. ಹಳೆಯ ಸ್ಲೇಟ್ ತೆಗೆದು ಭಾರದ ಕಾಂಕ್ರೀಟ್ ಹೆಂಚು ಹಾಕಿದ ಸಾಲುಮನೆಗಳಲ್ಲಿ ಇದು ಬರುತ್ತದೆ. ನಿಮ್ಮದರಲ್ಲಿ ಹಾಗೇನಾದರೂ ಬರೆದಿದೆಯಾ?

ವರದಿ ಬರೆದವರಿಗೆ ಫೋನ್ ಮಾಡಿ. ಬರಹದಲ್ಲಿ ವಕೀಲರ ಭಯ ಇರುತ್ತದೆ, ಫೋನಿನಲ್ಲಿ ಮನುಷ್ಯರು ಮಾತಾಡುತ್ತಾರೆ. "ನಿಮಗೆ ನಿಜವಾಗಿ ಚಿಂತೆ ತಂದದ್ದು ಇದರಲ್ಲಿ ಯಾವುದು?" ಎಂದು ಕೇಳಿ ಸುಮ್ಮನಿರಿ. ಅವರೇ ಹೇಳುತ್ತಾರೆ.

ಕೆಂಪು_ಮೂರು

ಛಾವಣಿಗೆ 2 ಕೊಟ್ಟಿದ್ದಾರೆ, ಹಳದಿ. ತೇವಕ್ಕೆ ಮಾತ್ರ ಉದ್ದ ಬರೆದಿದ್ದಾರೆ. ಒಂದು ಕಂಪನಿಯವರು ಪುಕ್ಕಟೆ ಬಂದು ತೇವದ ಸರ್ವೆ ಮಾಡುತ್ತಾರಂತೆ. ಕರೆಸಲಾ?

ಹಳೇಸುಣ್ಣ

ದಯವಿಟ್ಟು ಬೇಡ! ಪುಕ್ಕಟೆ ಸರ್ವೆ ಮಾಡುವವರು ಮಾರುವುದು ಗೋಡೆಗೆ ಚುಚ್ಚುವ ರಾಸಾಯನಿಕ. ಅವರ ವರದಿಯ ಕೊನೆಗೆ ಏನಿರುತ್ತದೆ ಎಂದು ಈಗಲೇ ಹೇಳಬಲ್ಲೆ. ಹಣ ಕೊಟ್ಟಾದರೂ ಏನೂ ಮಾರದ ಸ್ವತಂತ್ರ ತಜ್ಞರನ್ನು ಕರೆಸಿ.

ನಾನಿರುವುದೂ 1890ರ ದಶಕದ ಮನೆಯಲ್ಲೇ. ಈ ಗೋಡೆಗಳ ನಡುವೆ ಟೊಳ್ಳು ಇಲ್ಲ, ಗಟ್ಟಿ ಇಟ್ಟಿಗೆ, ಸುಣ್ಣದ ಗಾರೆ. ನೀರು ಹೀರಿ ಮತ್ತೆ ಗಾಳಿಗೆ ಬಿಡುತ್ತವೆ. ಆಮೇಲೆ ಯಾರೋ ಬಂದು ಹೊರಗೆ ಸಿಮೆಂಟ್ ಮೆತ್ತುತ್ತಾರೆ, ಒಳಗೆ ಪ್ಲಾಸ್ಟಿಕ್ ಬಣ್ಣ ಹೊಡೆಯುತ್ತಾರೆ. ನೀರಿಗೆ ಹೊರಗೆ ಹೋಗುವ ದಾರಿ ಮುಚ್ಚಿತು. ಹೊರಗಿನ ನೆಲವನ್ನು ಕಲ್ಲು ಹಾಸಿ ಎತ್ತರಿಸಿರುತ್ತಾರೆ. ತೇವ ತಡೆಯುವ ಪದರಕ್ಕಿಂತ ಕನಿಷ್ಠ 150 ಮಿಲಿಮೀಟರ್ ಕೆಳಗೆ ನೆಲ ಇರಬೇಕು. ಎಷ್ಟೋ ಸಲ ಮಣ್ಣು ಕೆರೆದು, ಗಟರ್ ಸರಿಮಾಡಿದರೆ ತೇವ ತಾನಾಗಿ ಇಳಿಯುತ್ತದೆ, ತಾಳ್ಮೆ ಬೇಕು ಅಷ್ಟೇ. ಇನ್ನು ಸರ್ವೇಯರ್ ಹಿಡಿದು ಬರುವ ಆ ಮೀಟರ್ ಮರಕ್ಕೆಂದು ಹೊಂದಿಸಿದ್ದು. ಪ್ಲಾಸ್ಟರ್ ಮೇಲೆ ಅದು ತೋರಿಸುವ ಅಂಕಿ ನಿಜವಾದ ತೇವಾಂಶ ಅಲ್ಲ. ಗೋಡೆಯಲ್ಲಿ ಉಪ್ಪಿನಂಶ ಇದ್ದರೂ ಜಾಸ್ತಿ ತೋರಿಸುತ್ತದೆ.

ಹಳೆ ಮನೆಗೆ ಸರ್ವೇಯರ್ ಹುಡುಕುವಾಗ ಒಂದು ಪ್ರಶ್ನೆ ಕೇಳಿ: "ಸುಣ್ಣದ ಗಾರೆಯ ಮನೆಗಳನ್ನು ನೋಡಿ ಅಭ್ಯಾಸ ಇದೆಯಾ?" ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಅನುಭವ ಇಲ್ಲದವರ ಲೆವೆಲ್ 3ಗಿಂತ ಅನುಭವಿಯ ಲೆವೆಲ್ 2 ಎಷ್ಟೋ ಮೇಲು.

ಗಣಿಯೂರು

ಈಶಾನ್ಯ ಇಂಗ್ಲೆಂಡಿನ ಡರಂ ಕಡೆಯಿಂದ ಒಂದು ಮಾತು. ಇಲ್ಲಿ ಕೆಳಗೆಲ್ಲ ಹಳೆ ಕಲ್ಲಿದ್ದಲು ಗಣಿ. ಅದು ಯಾವ ಲೆವೆಲ್ ಸರ್ವೆಯಲ್ಲೂ ಬರುವುದಿಲ್ಲ, ಸಾಲಿಸಿಟರ್ ತರಿಸುವ ಗಣಿ ವರದಿಯಲ್ಲಿ ಬರುತ್ತದೆ. ಮೊದಲು ಕೋಲ್ ಅಥಾರಿಟಿ ಎನ್ನುತ್ತಿದ್ದ ಸಂಸ್ಥೆಗೆ 2024ರ ಕೊನೆಯಿಂದ ಮೈನಿಂಗ್ ರೆಮಿಡಿಯೇಷನ್ ಅಥಾರಿಟಿ ಎಂಬ ಹೆಸರು. ಕಾರ್ನ್‌ವಾಲ್, ಡೆವನ್ ಕಡೆ ತಗೊಳ್ಳುವವರು ನೆಲದಿಂದ ಬರುವ, ವಿಕಿರಣ ಸೂಸುವ ರೇಡಾನ್ ಅನಿಲದ ಬಗ್ಗೆಯೂ ಕೇಳಿ.

ಇನ್ನೊಂದು, ಇಲ್ಲಿ ಎರಡನೇ ಮಹಾಯುದ್ಧದ ನಂತರದ ಕಾಂಕ್ರೀಟ್ ಮನೆಗಳು ಅಗ್ಗಕ್ಕೆ ಸಿಗುತ್ತವೆ. ಏರಿ ಹೌಸ್, ಕಾರ್ನಿಷ್ ಯೂನಿಟ್ ಎಂಬ ಮಾದರಿಗಳಂಥವು. 1984ರ ಕಾನೂನಿನಡಿ ಅವುಗಳನ್ನು ದೋಷದ ಮನೆಗಳೆಂದು ಪಟ್ಟಿ ಮಾಡಿದ್ದಾರೆ. ಸರಿಯಾದ ರಿಪೇರಿ ಸರ್ಟಿಫಿಕೇಟ್ ಇಲ್ಲದಿದ್ದರೆ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಅಗ್ಗ ಯಾಕೆ ಎಂದು ಮೊದಲು ಕೇಳಿ.

ಹೊಸಕೀಲಿ

ಮೂರು ಸರ್ವೇಯರ್‌ಗಳಿಗೆ ಫೋನ್ ಮಾಡಿದೆ. ಒಬ್ಬರು ಮನೆ ಯಾವ ಕಾಲದ್ದು ಎಂದೂ ಕೇಳದೆ ಬೆಲೆ ಹೇಳಿದರು. ಇನ್ನೊಬ್ಬರ ಕಾಲ್ ಸೆಂಟರ್‌ನಲ್ಲಿ ಸರ್ವೇಯರ್ ಜೊತೆ ಮಾತಾಡಲು ಬಿಡಲಿಲ್ಲ. ಮೂರನೆಯವರು ತಾವೇ ಮಾತಾಡಿದರು. ಓಕ್ ಮರ ಎಷ್ಟು ದೂರ, ಲಾಫ್ಟಿಗೆ ಮೆಟ್ಟಿಲು ಕಾಯಂ ಇದೆಯಾ ಎಂದು ಅವರೇ ಕೇಳಿದರು. ಅವರದು 980, ಎಲ್ಲರಿಗಿಂತ ಜಾಸ್ತಿ. ಆರ್‌ಐಸಿಎಸ್ ಸೈಟಿನಲ್ಲಿ ಹೆಸರು ಇದೆ, ನೋಡಿದೆ. ಲೆವೆಲ್ 3 ಅವರಿಗೇ ಕೊಟ್ಟಿದ್ದೇನೆ, ಮುಂದಿನ ಮಂಗಳವಾರ. ಅದಕ್ಕೆ ಮೊದಲು ನಾನು ಏನಾದರೂ ಮಾಡಬೇಕಾ?

ಕೆಂಪಿಟ್ಟಿಗೆ

ಸರಿಯಾದವರನ್ನೇ ಹಿಡಿದಿದ್ದೀರಿ.

ನಿಮಗೆ ಕಂಡದ್ದನ್ನೆಲ್ಲ ಇಮೇಲಿನಲ್ಲಿ ಬರೆದು ಕಳಿಸಿ: ಬೇ ಕಿಟಕಿಯ ಬಿರುಕು, ಅಡುಗೆಮನೆಯ ಚಿಮ್ನಿ, ಮರ, ಲಾಫ್ಟ್. ಸುಮ್ನೆ ಬಾಯಲ್ಲಿ ಹೇಳಿದರೆ ದಾಖಲೆ ಇರುವುದಿಲ್ಲ. ಅವರ ಒಪ್ಪಂದದ ಪತ್ರದಲ್ಲಿ ಏನೇನು ನೋಡುವುದಿಲ್ಲ ಎಂದು ಬರೆದಿರುತ್ತಾರೆ, ಸಹಿ ಮಾಡುವ ಮೊದಲು ಆ ಭಾಗವನ್ನಾದರೂ ಓದಿ. ನೋಡಿದ ಮೇಲೆ ಫೋನಿನಲ್ಲಿ ಮಾತಾಡುವುದು ಫೀಸಿನಲ್ಲೇ ಸೇರಿದೆಯಾ ಕೇಳಿ.

ಏಜೆಂಟಿಗೆ ಇವತ್ತೇ ಹೇಳಿ: ಲಾಫ್ಟ್ ರೂಮಿನ ಪಕ್ಕ ಇಳಿಜಾರಿನ ಕೆಳಗೆ ಚಿಕ್ಕ ಬಾಗಿಲುಗಳಿರುತ್ತವೆ, ಅವುಗಳ ಮುಂದೆ ಇಟ್ಟಿರುವ ಪೆಟ್ಟಿಗೆಗಳನ್ನು ಸೋಮವಾರ ರಾತ್ರಿಯೊಳಗೆ ತೆಗೆಸಬೇಕು. ಛಾವಣಿಯ ಮರ ಕಾಣುವುದು ಅಲ್ಲಿ ಮಾತ್ರ. ಗ್ಯಾರೇಜಿನ ಕೀಲಿ, ಹಿಂದಿನ ಗೇಟಿನ ಕೀಲಿ, ಡ್ರೈನ್ ಮುಚ್ಚಳದ ಮೇಲಿರುವ ಹೂಕುಂಡ, ಇವನ್ನೂ ಸೇರಿಸಿ ಹೇಳಿಬಿಡಿ.

ಹೊಸಕೀಲಿ

ಹೂಕುಂಡ ಇರುವುದು ನಿಮಗೆ ಹೇಗೆ ಗೊತ್ತಾಯಿತು?

ಕೆಂಪಿಟ್ಟಿಗೆ

ಯಾವಾಗಲೂ ಇರುತ್ತದೆ.